ಎತ್ತಿನ ಕೊಂಬಿನ ಚಿಕಿತ್ಸೆಯಲ್ಲಿ ಲಿಗ್ನೊಕೇನ್

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹೋರಿಹಬ್ಬದ ಓಟದಲ್ಲಾಗಲಿ ಗಾಡಿಯ ಕೆಲಸದಲ್ಲಾಗಲಿ ಕೊಂಬು ಮುರಿಯುವುದುಂಟು. ಕೊಂಬಿನ ಒಳಗಿನ ಎಲುಬಿಗೆ ರಕ್ತವೂ ನರವೂ ಇರುವುದರಿಂದ, ಎತ್ತನ್ನು ಕೆಡವಿ ಹಾಗೆಯೇ ಕೊಯ್ಯುವುದು ಮಹಾಯಾತನೆ. 1943ರಲ್ಲಿ ಸ್ವೀಡನ್ ದೇಶದಲ್ಲಿ ತಯಾರಾದ ಲಿಗ್ನೊಕೇನ್ ಎಂಬ ಮದ್ದು ಇದನ್ನು ತಪ್ಪಿಸುತ್ತದೆ. ನೋವಿನ ವಾರ್ತೆ ಸಾಗಬೇಕಾದರೆ ಸೋಡಿಯಂ ಕಣಗಳು ನರದೊಳಕ್ಕೆ ನುಗ್ಗಬೇಕು; ಮದ್ದು ಆ ದ್ವಾರಗಳನ್ನು ಮುಚ್ಚುತ್ತದೆ. ಪಶುವೈದ್ಯರು ಕಣ್ಣಿನ ಹೊರಮೂಲೆಗೂ ಕೊಂಬಿನ ಬುಡಕ್ಕೂ ನಡುವೆ ಶೇಕಡ 2ರ ದ್ರಾವಣವನ್ನು ಚುಚ್ಚಿ ಸುಮಾರು 10 ನಿಮಿಷ ಕಾಯುತ್ತಾರೆ. ಎತ್ತಿಗೆ ಎಚ್ಚರವಿರುತ್ತದೆ, ಕೊಂಬಿಗೆ ನೋವಿರುವುದಿಲ್ಲ. ಅಳತೆ ಮೀರಿದರೆ ಸೆಳವು ಬಂದು ಹೃದಯಕ್ಕೂ ಅಪಾಯವಾದೀತು; ಆದಕಾರಣ ರೈತರು ತಾವೇ ಚುಚ್ಚತಕ್ಕುದಲ್ಲ. ಕೊಂಬು ಮುರಿದೊಡನೆ ಶುಭ್ರವಾದ ಬಟ್ಟೆಯಿಂದ ಬಿಗಿದು ಕಟ್ಟಿ ಪಶುವೈದ್ಯರಿಗೆ ಹೇಳಿಕಳುಹಿಸುವಂತೆ, ಗ್ರಾಮದ ಮುಖಂಡರೂ ಜಮೀನುದಾರರೂ ಎಲ್ಲರಿಗೂ ತಿಳಿಯಹೇಳಬೇಕು.