ಅಮ್ಮನ ಮನೆ ಮ್ಯಾಪ್‌ಗೆ ಗೊತ್ತಾ?

ಕಳೆದ ವರ್ಷ ಒಂದು ರಾತ್ರಿ ಅಮ್ಮನಿಗೆ ಎದೆನೋವು. ಶ್ರೀನಿವಾಸಪುರದ ಹತ್ತಿರದ ನಮ್ಮೂರಿಗೆ ಬಾಡಿಗೆ ಕಾರು ಕರೆಸಿದರೆ, ಡ್ರೈವರ್ ಅದೇ ಹೆಸರಿನ ಇನ್ನೊಂದು ಊರಿನ ಕೆರೆ ಏರಿ ಮೇಲೆ ನಿಂತಿದ್ದ. "ಸಾರ್, ಮ್ಯಾಪ್ ಇಲ್ಲೇ ಅಂತಿದೆ!" ಅರ್ಧ ಗಂಟೆ ಹೋಯಿತು. ಪುಣ್ಯಕ್ಕೆ ಅಮ್ಮ ಉಳಿದರು.

ಮ್ಯಾಪ್ ಕೆಲಸವೇ ನನ್ನ ಹೊಟ್ಟೆಪಾಡು. ನಾಚಿಕೆಯಾಯಿತು. ವಿಳಾಸ ಕೊಟ್ಟರೆ ನಕ್ಷೆಯಲ್ಲಿ ಜಾಗ ತೋರಿಸುವುದಕ್ಕೆ ಜಿಯೋಕೋಡಿಂಗ್ ಅಂತಾರೆ. ಅದನ್ನು ಮಾಡುವುದು ಅಡ್ರೆಸ್ ಲೊಕೇಟರ್. ವಿಳಾಸವನ್ನು ಮನೆ, ಬೀದಿ, ಊರು, ತಾಲ್ಲೂಕು, ಪಿನ್ ಅಂತ ಬಿಡಿಸಿ, ತನ್ನ ಪಟ್ಟಿಯ ಜೊತೆ ಹೋಲಿಸಿ, ಎಷ್ಟು ಹೊಂದಿತು ಅಂತ ಅಂಕ ಕೊಡುತ್ತೆ. ಮನೆ ಸಿಗದಿದ್ದರೆ ಊರಿನ ನಡುವೆ ಗುರುತು ಹಾಕಿ ಸುಮ್ಮನಾಗುತ್ತೆ.

ತೊಡಕೆಲ್ಲ ಹೆಸರಿನದು. ಮುಳಬಾಗಿಲನ್ನು ಮುಳುಬಾಗಿಲು, ಮುಳಬಾಗಲ್ ಅಂತೆಲ್ಲ ಬರೀತಾರೆ. ಇಂಗ್ಲಿಷ್‌ನಲ್ಲಿ ಬರೆದರೆ ನಮ್ಮ ಮಾಲೂರೂ ಚನ್ನಪಟ್ಟಣದ ಬಳಿಯ ಮಳೂರೂ ಒಂದೇ! ಭೋಪಾಲದಲ್ಲೂ ಕೋಲಾರ್ ರಸ್ತೆ ಇದೆ. 563101 ಅಂತ ಪಿನ್ ಸೇರಿಸಿದರೆ ಅದು ನಮ್ಮ ಕೋಲಾರ. ಆದರೆ 1972ರಲ್ಲಿ ಬಂದ ಪಿನ್ ಪ್ರದೇಶ ಹೇಳುತ್ತೆ, ಮನೆಯನ್ನಲ್ಲ. 2025ರಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್ ಸುಮಾರು 4 ಮೀಟರ್ ಉದ್ದಗಲದ ಪ್ರತಿ ಚೌಕಕ್ಕೂ 10 ಅಕ್ಷರ-ಅಂಕಿಗಳ ಗುರುತು ಕೊಡುತ್ತೆ.

ಆಮೇಲೆ ಊರಿನ ಹಿರಿಯರ ಜೊತೆ ಕೂತು, ಜನ ಬಾಯಲ್ಲಿ ಹೇಳುವ ಹೆಸರುಗಳನ್ನೆಲ್ಲ ಪಟ್ಟಿಗೆ ಸೇರಿಸಿದೆ. "ಹುಣಸೆಮರದ ಮನೆ" ಕೂಡ. ನಾವು ಹೇಳಿಕೊಟ್ಟ ಹೆಸರಷ್ಟೇ ಕಂಪ್ಯೂಟರಿಗೆ ಗೊತ್ತು.

ನೀವೂ ಮುಂದಿನ ಸಲ ಊರಿಗೆ ಹೋದಾಗ ಬಾಗಿಲಲ್ಲೇ ನಿಂತು ಲೊಕೇಶನ್ ಉಳಿಸಿಕೊಳ್ಳಿ. ಡಿಜಿಪಿನ್ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ. ರಾತ್ರಿ ಹೊತ್ತು ದಾರಿ ಹೇಳೋಕೆ ಅಮ್ಮನಿಗೆ ಉಸಿರಿರಲ್ಲ.