ಹಟ್ಟಿಯ ಗಾಳಿಯಲ್ಲಿ ಕೆಂಪು ಮಣ್ಣು

ಏಪ್ರಿಲ್ ಬಂತೆಂದರೆ ಫರಂಗಿಪೇಟೆಯ ಒಳದಾರಿಗಳಲ್ಲಿ ಮಣ್ಣು ಹಿಟ್ಟಿನಷ್ಟು ನಯವಾಗಿರುತ್ತದೆ. ಹೆದ್ದಾರಿ 75ರ ಲಾರಿಗಳ ಸದ್ದನ್ನು ಹಿಂದೆ ಬಿಟ್ಟು, ಅಡಿಕೆ ತೋಟದ ಬದಿಯಲ್ಲಿ ನಾಲ್ಕು ಹೆಜ್ಜೆ ಇಳಿಯಿರಿ, ಹಟ್ಟಿಯ ವಾಸನೆ ಎದುರಾಗುತ್ತದೆ: ಹಸಿ ಸೆಗಣಿ, ಹುಳಿಯೇರಿದ ಅಕ್ಕಚ್ಚು, ನೆನೆದ ಹಿಂಡಿ, ಅದರ ನಡುವೆ ಬೈಹುಲ್ಲಿನ ಒಣ ಘಮ. ಬೆಳಗಿನ ಹಾಲು ಡೈರಿಗೆ ಹೋಗಿಯಾಗಿದೆ. ಮನೆಯ ಅಕ್ಕ ಹಿಡಿಸೂಡಿ ಹಿಡಿದು ಹಟ್ಟಿಯ ಮುಂದಿನ ಅಂಗಳ ಗುಡಿಸುತ್ತಿದ್ದಾರೆ. ಒಂದೊಂದು ಎಳೆತಕ್ಕೂ ಮೊಣಕಾಲೆತ್ತರ ಕೆಂಧೂಳು ಎದ್ದು, ಹಂಚಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಸುತ್ತಿ ಸುಳಿದು, ದಪ್ಪ ಕಣಗಳು ಬೈಪಣೆಯ ಅಂಚಿನಲ್ಲಿ ಕೂರುತ್ತವೆ. 10 ಮೈಕ್ರಾನಿಗಿಂತ ಸಣ್ಣವು ಅಷ್ಟು ಬೇಗ ಕೂರುವುದಿಲ್ಲ. ಗಾಳಿಯಲ್ಲೇ ತೇಲಿ ಅಕ್ಕನ ಎದೆಗೂ ಕರುವಿನ ಎದೆಗೂ ಇಳಿಯುತ್ತವೆ.

ಆ ಧೂಳಿನಲ್ಲಿ ಅಂಗಳದ ಮಣ್ಣಿನ ಜೊತೆಗೆ ಒಣಗಿ ಪುಡಿಯಾದ ಸೆಗಣಿ, ಹುಲ್ಲಿನ ಚೂರು, ಹಿಂಡಿಯ ಹುಡಿ, ದನದ ಮೈಯಿಂದ ಉದುರಿದ ಹೊಟ್ಟು ಎಲ್ಲವೂ ಇವೆ. ಕೋಳಿ ಶೆಡ್ಡಿನಲ್ಲಾದರೆ ಗರಿಯ ಪುಡಿ, ನೆಲಕ್ಕೆ ಹಾಸಿದ ಉಮಿ. ಇದರಲ್ಲಿ ಮಣ್ಣಿನ ಪಾಲೆಷ್ಟು?

ಧೂಳು ಅಳೆಯುವ ಯಂತ್ರ ಗುಂಯ್‌ಗುಡುತ್ತಾ ನಿಮಿಷಕ್ಕೆ ಸುಮಾರು 1,100 ಲೀಟರ್ ಗಾಳಿಯನ್ನು ಸೋಸುಹಾಳೆಯ ಮೂಲಕ ಎಳೆಯುತ್ತದೆ. ಹಾಕುವಾಗ ಬೆಳ್ಳಗಿದ್ದ ಹಾಳೆ ತೆಗೆಯುವಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಮೊದಲಿನ ತೂಕ, ನಂತರದ ತೂಕ ನೋಡಿದರೆ ಧೂಳಿನ ಲೆಕ್ಕ ಸಿಕ್ಕಿತು. 2009ರ ರಾಷ್ಟ್ರೀಯ ಮಾನದಂಡದಂತೆ 10 ಮೈಕ್ರಾನಿಗಿಂತ ಸಣ್ಣ ಧೂಳಿನ 24 ಗಂಟೆಗಳ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು. ಆದರೆ ತೂಕ ಧೂಳಿನ ಮೂಲವನ್ನು ಹೇಳುವುದಿಲ್ಲ. ಮೂಲ ತಿಳಿಯಲು ಟೆಫ್ಲಾನ್‌ನಂಥ ಹಾಳೆ ಬೇಕು. ಗಾಜಿನ ನಾರಿನ ಹಾಳೆಯಲ್ಲಿ ಸಿಲಿಕಾನ್ ತುಂಬಿರುವುದರಿಂದ ಲೆಕ್ಕ ಕೆಡುತ್ತದೆ. ಹಾಳೆಗೆ ಎಕ್ಸ್‌ರೇ ಹಾಯಿಸಿ ಅಲ್ಯುಮಿನಿಯಂ, ಸಿಲಿಕಾನ್, ಕ್ಯಾಲ್ಸಿಯಂ, ಕಬ್ಬಿಣ, ಟೈಟಾನಿಯಂ ಎಷ್ಟೆಷ್ಟಿವೆ ಎಂದು ನೋಡುತ್ತಾರೆ. ಅಲ್ಯುಮಿನಿಯಂ ಅನ್ನು 2.2ರಿಂದ, ಸಿಲಿಕಾನನ್ನು 2.49ರಿಂದ, ಹೀಗೆ ಒಂದೊಂದನ್ನು ಗುಣಿಸಿ ಕೂಡಿದರೆ ಮಣ್ಣಿನ ಪಾಲು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಮಬ್ಬನ್ನು ಅಳೆಯಲು ಬಳಕೆಗೆ ಬಂದ ಸೂತ್ರವಿದು.

ಅದನ್ನು ಹಾಗೆಯೇ ತಂದು ಫರಂಗಿಪೇಟೆಗೆ ಹಚ್ಚುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿಯದು ಮುರಕಲ್ಲಿನ ನೆಲ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ನನೇ ಮುಂದೆ 1807ರ ತನ್ನ ಪ್ರವಾಸಗ್ರಂಥದಲ್ಲಿ ಆ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆ ಯುಗಯುಗಗಳಿಂದ ಸಿಲಿಕಾವನ್ನು ತೊಳೆದು, ಕಬ್ಬಿಣ, ಅಲ್ಯುಮಿನಿಯಂಗಳನ್ನು ಉಳಿಸಿದೆ. ಅದರ ಮೇಲೆ ಹೆದ್ದಾರಿಯ ಬ್ರೇಕುಗಳಿಂದ ಉದುರುವ ಕಬ್ಬಿಣ ಬೇರೆ. ಹಟ್ಟಿಗೆ ಎರಚಿದ ಸುಣ್ಣ, ಮೊಟ್ಟೆಕೋಳಿಯ ಆಹಾರಕ್ಕೆ ಬೆರೆಸಿದ ಚಿಪ್ಪಿನ ಪುಡಿ ಕೂಡ ಕ್ಯಾಲ್ಸಿಯಮ್ಮಾಗಿ ಮಣ್ಣಿನ ಖಾತೆಗೇ ಜಮೆಯಾಗುತ್ತವೆ. ಇದೇ ಅಂಗಳದ ಮಣ್ಣನ್ನು ಜರಡಿ ಹಿಡಿದು ಪರೀಕ್ಷಿಸಿ, ಅದರ ಗುಣಕ್ಕೆ ತಕ್ಕಂತೆ ಸೂತ್ರ ತಿದ್ದಬೇಕು. ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಇನ್ನೊಂದು ಯಂತ್ರ ಇಟ್ಟು ಹೊರಗಿನಿಂದ ಬಂದ ಧೂಳನ್ನು ಕಳೆಯಬೇಕು.

ಅಕ್ಕ ಈಗ ಬಕೆಟ್ಟಿನಿಂದ ನೀರು ಚಿಮುಕಿಸುತ್ತಿದ್ದಾರೆ. ಮಣ್ಣಿನ ಪಾಲಿನ ಲೆಕ್ಕ ಬೇಕಾಗುವುದು ಇಲ್ಲೇ. ಮಣ್ಣಿನ ಧೂಳಾದರೆ ಇಷ್ಟಕ್ಕೇ ಅಡಗುತ್ತದೆ. ಸೆಗಣಿ ಗಂಜಳದಿಂದೆದ್ದ ಅಮೋನಿಯಾ ಗಾಳಿಯ ಆಮ್ಲಗಳೊಡನೆ ಕೂಡಿ ಕಟ್ಟುವ ಅತಿಸಣ್ಣ ಕಣಗಳಿಗೆ ನೀರು ಚಿಮುಕಿಸಿ ಪ್ರಯೋಜನವಿಲ್ಲ. ಗಂಜಳ ನಿಲ್ಲದಂತೆ ಚರಂಡಿ ಮಾಡಿ, ಸೆಗಣಿಯನ್ನು ಆಗಾಗ ಗೋಬರ್ ಗ್ಯಾಸಿನ ಗುಂಡಿಗೆ ಸಾಗಿಸಬೇಕು.