ಹಳದಿ ಉಲ್ಲನ್, ಹತ್ತನೇ ನಂಬರ್ ಕಡ್ಡಿ

‘ಇದು ಸ್ವೆಟರ್ರೋ, ಸೊಳ್ಳೆಪರದೆಯೋ?’

ವಾಟ್ಸ್ಆ್ಯಪ್‌ನಲ್ಲಿ ನಾನು ಕಳಿಸಿದ ಫೋಟೋಗೆ ಅಮ್ಮನಿಂದ ಬಂದ ಉತ್ತರ ಇಷ್ಟೇ. ಬೇರೆ ದಿನ ಆಗಿದ್ದರೆ ಬೇಜಾರಾಗುತ್ತಿತ್ತೇನೋ. ಅವತ್ತು ಮಾತ್ರ ಆಫೀಸ್ ಮೀಟಿಂಗ್ ಮಧ್ಯೆ ಕ್ಯಾಮೆರಾ ಆಫ್ ಮಾಡಿಕೊಂಡು ನಕ್ಕುಬಿಟ್ಟೆ. ಯಾಕಂದ್ರೆ ಉಲ್ಲನ್ ವಿಷಯಕ್ಕೆ ಅಮ್ಮ ಬಾಯಿ ಬಿಟ್ಟು ಎರಡು ವರ್ಷ ಆಗಿತ್ತು.

ನಮ್ಮೂರು ಸಕಲೇಶಪುರದ ಕಡೆ. ಜೂನ್‌ನಲ್ಲಿ ಮಳೆ ಹಿಡಿದರೆ ಹಾಕಿದ ಬಟ್ಟೆ ಒಣಗೋದು ಯಾವಾಗ ಅಂತ ಯಾರೂ ಹೇಳೋಕಾಗಲ್ಲ. ಅಂಥ ಮಧ್ಯಾಹ್ನಗಳಲ್ಲಿ ಅಮ್ಮ ಕಿಟಕಿ ಪಕ್ಕ ಕೂತು ಹೆಣೆಯುತ್ತಿದ್ದಳು. ಟಿ.ವಿ. ನೋಡುತ್ತಾ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾ, ಕೈ ಕಡೆ ನೋಡದೇ. ನನಗೆ, ತಮ್ಮನಿಗೆ, ಚಿಕ್ಕಮ್ಮನ ಮಕ್ಕಳಿಗೆ, ಎಲ್ಲರಿಗೂ ಅವಳ ಸ್ವೆಟರ್‌ಗಳೇ. ಊರಿನ ಸಂತೆಗೆ ಚಳಿಗಾಲದಲ್ಲಿ ಬೈಲಕುಪ್ಪೆ ಕಡೆಯ ಟಿಬೆಟನ್ನರು ಬಣ್ಣಬಣ್ಣದ ರೆಡಿಮೇಡ್ ಸ್ವೆಟರ್ ತರುತ್ತಿದ್ದರು. ಅದು ಬೇಕು ಅಂತ ನಾನು ಹಟ ಮಾಡಿದ್ದೂ ಉಂಟು. ‘ಅದನ್ನ ಲುಧಿಯಾನದಲ್ಲಿ ಮೆಷಿನ್ ಮಾಡಿರುತ್ತೆ, ಇದನ್ನ ನಾನು ಮಾಡಿರ್ತೀನಿ’ ಅನ್ನೋದು ಅಮ್ಮನ ವಾದ. ಆ ವಯಸ್ಸಲ್ಲಿ ಅದು ವಾದ ಅಂತಲೇ ಅನ್ನಿಸುತ್ತಿರಲಿಲ್ಲ.

ನಾನು ಮೊದಲ ಸಲ ಬಸುರಿಯಾದಾಗ ಅಮ್ಮ ಯಾರಿಗೂ ಹೇಳದೆ ಒಂದು ಹಳದಿ ಸ್ವೆಟರ್ ಶುರು ಮಾಡಿದ್ದಳು. ನಮ್ಮ ಮನೆಯಲ್ಲಿ ಒಂದು ನಂಬಿಕೆ ಇದೆ, ನಿಮ್ಮಲ್ಲೂ ಇರಬಹುದು: ಹುಟ್ಟೋ ಮುಂಚೆ ಮಗುವಿಗೆ ಅಂತ ಏನೂ ಹೊಲಿಯಬಾರದು, ಕೊಳ್ಳಬಾರದು, ತೊಟ್ಟಿಲು ಕೂಡ ಆಮೇಲೆ. ಅಜ್ಜಿ ಇದನ್ನ ಗಟ್ಟಿಯಾಗಿ ನಂಬಿದ್ದರು. ಅಮ್ಮ ಅಷ್ಟೇನೂ ನಂಬುತ್ತಿರಲಿಲ್ಲ, ಹಾಗಾಗಿ ಗುಟ್ಟಾಗಿ ಹೆಣೆದಳು.

ಐದನೇ ತಿಂಗಳಲ್ಲಿ ಮಗು ಹೋಯಿತು.

ಯಾರ ತಪ್ಪೂ ಅಲ್ಲ ಅಂತ ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ನನಗೆ ಅರ್ಥವಾಯಿತು, ಅಥವಾ ಅರ್ಥ ಮಾಡಿಕೊಳ್ಳಲೇಬೇಕಿತ್ತು. ಅಮ್ಮನಿಗೆ ಆಗಲಿಲ್ಲ. ಸುಧಾರಿಸಿಕೊಳ್ಳಲು ಊರಿಗೆ ಹೋಗಿದ್ದಾಗ ಬೆಡ್‌ಶೀಟ್ ಹುಡುಕುತ್ತಾ ಟ್ರಂಕ್ ತೆಗೆದೆ. ನುಸಿಗುಳಿಗೆ ವಾಸನೆ ಮಧ್ಯೆ, ತಳದಲ್ಲಿ ಆ ಹಳದಿ ಸ್ವೆಟರ್ ಇತ್ತು. ಒಂದು ತೋಳು ಆಗಿತ್ತು, ಇನ್ನೊಂದು ಇರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, ‘ನಾನೇ ಅವಸರ ಮಾಡಿಬಿಟ್ಟೆ ಕಣೇ’ ಅಂದಳು. ಆಮೇಲೆ ಅವಳ ಕೈಯಲ್ಲಿ ಕಡ್ಡಿ ಕಾಣಲಿಲ್ಲ. ಎರಡು ಮಳೆಗಾಲ ಬರೀ ಟಿ.ವಿ. ನೋಡಿದಳು.

ಎರಡನೇ ಸಲ ಐದು ತಿಂಗಳು ದಾಟಿದ ಮೇಲೆ ಫೋನಲ್ಲಿ ಕೇಳಿದೆ, ಒಂದು ಸ್ವೆಟರ್ ಹಾಕಿಕೊಡ್ತೀಯಾ ಅಂತ. ‘ಹುಟ್ಟಲಿ, ನೋಡೋಣ. ಅಂಗಡೀಲಿ ಬೇಕಾದಷ್ಟು ಸಿಗುತ್ತೆ’ ಅಂದು ಮಾತು ತಿರುಗಿಸಿದಳು. ಆಗಲೇ ನಾನೇ ಹೆಣೆಯೋದು ಅಂತ ನಿರ್ಧಾರ ಮಾಡಿದ್ದು. ಮಗುವಿಗಾಗಿ ಅನ್ನೋದು ಅರ್ಧ ಸತ್ಯ. ನಾನು ಹಾಳು ಮಾಡೋದನ್ನ ನೋಡಿಕೊಂಡು ಅಮ್ಮ ಸುಮ್ಮನಿರಲಾರಳು ಅನ್ನೋ ಲೆಕ್ಕಾಚಾರವೂ ಇತ್ತು. ಹಾಗಂತ ನನಗೆ ಭಯವೇ ಇರಲಿಲ್ಲ ಅಂದುಕೊಳ್ಳಬೇಡಿ. ತಂದ ಉಲ್ಲನ್ ಒಂದು ವಾರ ಲ್ಯಾಪ್‌ಟಾಪ್ ಬ್ಯಾಗಲ್ಲೇ ಇತ್ತು.

ಉಲ್ಲನ್ ಕೊಳ್ಳೋದೇ ಒಂದು ಪಾಠ. ಅಂಗಡಿಗೆ ಹೋಗಿ ‘ಬೇಬಿ ವುಲ್’ ಕೇಳಿದರೆ ಕೈಗೆ ಬರೋದು ಹೆಚ್ಚಾಗಿ ಅಕ್ರಿಲಿಕ್, ಅಂದರೆ ಕುರಿಗೂ ಅದಕ್ಕೂ ಸಂಬಂಧವಿಲ್ಲ. ಲೇಬಲ್ ಓದಿ. ಲೇಬಲ್ ಇಲ್ಲದಿದ್ದರೆ ಒಂದು ಎಳೆ ಕಿತ್ತು, ಸಿಂಕ್ ಮೇಲೆ ಹಿಡಿದು ಸುಟ್ಟು ನೋಡಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಪುಡಿಪುಡಿ ಆಗುತ್ತೆ. ಅಕ್ರಿಲಿಕ್ ಕರಗಿ ಕಪ್ಪು ಗಂಟಾಗುತ್ತೆ. ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಅಗ್ಗ, ಹೇಗೆ ಬೇಕಾದರೂ ಒಗೀಬಹುದು, ನಮ್ಮ ಬಾಲ್ಯ ಪೂರ್ತಿ ಅದರಲ್ಲೇ ಕಳೆದಿದೆ. ಆದರೆ ಅದು ಬೆವರು ಹೀರಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್‌ನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸಲ್ಲ. ಇನ್ನೊಂದು ವಿಷಯ, ನಮ್ಮ ಕಡೆ ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸುತ್ತಾರಲ್ಲ, ಅಲ್ಲಿಗೆ ಅಕ್ರಿಲಿಕ್ ಒಯ್ಯಬೇಡಿ. ಬಿಸಿಗೆ ಜೋಲುಬಿದ್ದು ಹೋಗುತ್ತೆ.

ಉಣ್ಣೆ ಅಂದಮೇಲೆ ನಮ್ಮದೇ ಉಣ್ಣೆ ಯಾಕಾಗಬಾರದು ಅಂತಲೂ ಯೋಚಿಸಿದ್ದೆ. ತಾತನ ಚಳ್ಳಕೆರೆ ಕಂಬಳಿ ಇನ್ನೂ ಮನೇಲಿದೆ. ಮಳೆಗೆ, ಚಳಿಗೆ ಅದರ ಮುಂದೆ ಯಾವ ಜಾಕೆಟ್ಟೂ ಇಲ್ಲ. ಆದರೆ ದಖ್ಖನಿ ಕುರಿಯ ಉಣ್ಣೆ ಒರಟು. ಆ ಕಂಬಳಿ ಹೊದ್ದು ಒಂದು ರಾತ್ರಿ ಮಲಗಿದವರು ಅದನ್ನ ಎಳೆಮಗುವಿನ ಕತ್ತಿಗೆ ಸುತ್ತೋ ಮಾತಾಡಲ್ಲ. ಕೊನೆಗೆ ಮೆಷಿನ್‌ನಲ್ಲಿ ಒಗೆಯಬಹುದಾದ ಮೆರಿನೋ ಉಲ್ಲನ್ ಆನ್‌ಲೈನ್‌ನಲ್ಲಿ ತರಿಸಿದೆ. 4 ಪ್ಲೈ, ಬೂದು ಬಣ್ಣ, 50 ಗ್ರಾಂನ ಮೂರು ಉಂಡೆ. ಪುಟ್ಟ ಸ್ವೆಟರ್‌ಗೆ 100 ಗ್ರಾಂ ಹತ್ತಿರ ಹತ್ತಿರ ಸಾಕು, ಕೆಡಿಸೋರಿಗೆ ಅಂತ ಇನ್ನೊಂದು.

ಇನ್ನು ಸೊಳ್ಳೆಪರದೆಯ ಕಥೆ. ನಾನು ನೋಡಿದ್ದು ಅಮೆರಿಕದ ಹೆಂಗಸೊಬ್ಬರ ವಿಡಿಯೋ. 3ನೇ ನಂಬರ್ ಕಡ್ಡಿ ತಗೊಳ್ಳಿ ಅಂದರು. ಮಲ್ಲೇಶ್ವರದ ಅಂಗಡಿಗೆ ಹೋಗಿ 3ನೇ ನಂಬರ್ ಕೇಳಿದೆ. ‘ಇಷ್ಟು ದಪ್ಪದ್ದು ಏನ್ ಮಾಡ್ತೀರಾ ಮೇಡಂ, ಶಾಲಾ?’ ಅಂತ ಅಂಗಡಿಯವರು ಕೇಳಿದರು. ನಾನು ಗೊತ್ತಿರೋಳ ಹಾಗೆ ನಕ್ಕೆ. ವಿಷಯ ಏನಪ್ಪಾ ಅಂದರೆ, ನಮ್ಮಲ್ಲಿ ಇನ್ನೂ ನಡೆಯೋದು ಹಳೇ ಬ್ರಿಟಿಷ್ ನಂಬರ್. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ಉಲ್ಟಾ. ಅವರ 3 ಅಂದರೆ 3.25 ಮಿಲಿಮೀಟರ್, ನಮ್ಮ 3 ಅಂದರೆ 6.5. ಸರಿಯಾಗಿ ಡಬಲ್! ಅವರ 3ಕ್ಕೆ ನಮ್ಮಲ್ಲಿ 10 ಕೇಳಬೇಕು. (ಎರಡೂ ಕಡೆ ಒಂದೇ ಆಗಿರೋದು 7ನೇ ನಂಬರ್, 4.5 ಮಿ.ಮೀ. ಅಷ್ಟಾದರೂ ಪುಣ್ಯ.) ಕಡ್ಡಿ ಕೊಳ್ಳುವಾಗ ನಂಬರ್ ಬಿಡಿ, ಮಿಲಿಮೀಟರ್ ಕೇಳಿ.

ವಿಡಿಯೋ ಪ್ರಕಾರ 126 ಕುಣಿಕೆ ಹಾಕಿದೆ. 45 ಸೆಂಟಿಮೀಟರ್ ಸುತ್ತಳತೆ ಬರಬೇಕಿತ್ತು, 70 ಬಂತು. ಎಂಟು ವರ್ಷದ ಹುಡುಗ ಹಾಕಿಕೊಳ್ಳೋ ಅಗಲ, ಮೈತುಂಬ ಕಿಂಡಿ. ಅದರ ಫೋಟೋನೇ ಅಮ್ಮನಿಗೆ ಹೋಗಿದ್ದು.

ಅರ್ಧ ಗಂಟೆಗೆ ವಿಡಿಯೋ ಕಾಲ್ ಬಂತು. ‘ನಾನು ಮುಟ್ಟಲ್ಲ. ಬರೀ ಹೇಳ್ತೀನಿ, ಅಷ್ಟೇ’ ಅಂದಳು. ನಾನು ಅಷ್ಟಕ್ಕೇ ಕಾದಿದ್ದೆ.

ಮೊದಲು ಮಾಡಿಸಿದ್ದು ಪೂರ್ತಿ ಬಿಚ್ಚಿಸೋದು. ಆಮೇಲೆ ಅಂಗೈ ಅಗಲದ ಒಂದು ತುಂಡು ಹೆಣೆಯೋಕೆ ಹೇಳಿದಳು. 10 ಸೆಂಟಿಮೀಟರ್‌ಗೆ ಎಷ್ಟು ಕುಣಿಕೆ ಬರುತ್ತೆ ಎಣಿಸು, ಆಮೇಲೆ ಲೆಕ್ಕ ಹಾಕು ಅಂತ. ನನ್ನ ಕೈಗೆ 28 ಬಂತು. 45 ಸೆಂಟಿಮೀಟರ್‌ಗೆ 126, ವಿಡಿಯೋದವರ ಲೆಕ್ಕ ತಪ್ಪಿರಲಿಲ್ಲ. ಈ ತುಂಡನ್ನ ಎಲ್ಲರೂ ಹಾರಿಸುತ್ತಾರೆ, ನಾನೂ ಹಾರಿಸಿದ್ದೆ. ಟೆಸ್ಟಿಂಗ್ ಕೆಲಸ ಮಾಡಿ ಸಂಬಳ ತಗೊಳ್ಳೋಳು, ನಾಚಿಕೆ ಆಗಬೇಕು.

ಮುಂದೆ ದಿನಾ ರಾತ್ರಿ ಒಂಬತ್ತಕ್ಕೆ ಕ್ಲಾಸ್. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಅಮ್ಮನ ಕಾನೂನುಗಳೂ ಜೊತೆಗೇ ಬಂದವು. ಮಕ್ಕಳಿಗೆ ತಲೆ ಮೇಲಿಂದ ಹಾಕೋ ಸ್ವೆಟರ್ ಬೇಡ, ಅಳುತ್ತವೆ. ಮುಂದೆ ಬಿಚ್ಚೋ ಹಾಗಿರಲಿ. ಕತ್ತಿಗೆ ರಿಬ್ಬನ್, ದಾರ ಕಟ್ಟಬೇಡ. ಗುಂಡಿ ಎಳೆದು ನೋಡು, ಕಿತ್ತು ಬಂದರೆ ಬಾಯಿಗೇ ಹೋಗೋದು. ತೋಳಿನ ಒಳಗೆ ದಾರದ ತುದಿ ಬಿಡಬೇಡ, ಪುಟ್ಟ ಬೆರಳಿಗೆ ಸುತ್ತಿಕೊಂಡರೆ ಅದು ಯಾಕೆ ಅಳುತ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ. ಇವೆಲ್ಲ ಹೇಳುವಾಗ ಅವಳ ಬೆರಳುಗಳು ಗಾಳಿಯಲ್ಲಿ ಹೆಣೆಯುತ್ತಿದ್ದವು. ನೋಡಿದೆ, ಹೇಳಲಿಲ್ಲ.

ಹೆರಿಗೆ ನಿರೀಕ್ಷೆಗಿಂತ ಮೂರು ವಾರ ಮೊದಲೇ ಆಯಿತು. ಡಿಸೆಂಬರ್‌ನಲ್ಲಿ, ಹಾಸನದಲ್ಲಿ. ಹುಡುಗಿ. ಎಲ್ಲ ಸರಿಯಾಗಿತ್ತು. ಆಸ್ಪತ್ರೆಯಿಂದ ಅಮ್ಮನ ಮನೆಗೆ ಬಂದ ಸಂಜೆ ಬ್ಯಾಗ್ ಬಿಚ್ಚಿ ಸ್ವೆಟರ್ ತೆಗೆದೆ. ಒಂದು ತೋಳು ಆಗಿತ್ತು. ಇನ್ನೊಂದು ಇರಲಿಲ್ಲ. ಉಳಿದ ಉಲ್ಲನ್ ಬೆಂಗಳೂರಲ್ಲಿತ್ತು.

ನಮ್ಮಿಬ್ಬರಿಗೂ ಅದೇ ನೆನಪಾಯಿತು ಅಂತ ಕಾಣುತ್ತೆ. ಅಮ್ಮ ಸ್ವಲ್ಪ ಹೊತ್ತು ಅದನ್ನ ಹಿಡಿದುಕೊಂಡಿದ್ದಳು. ಎದ್ದು ಹೋಗಿ ಟ್ರಂಕ್ ತೆಗೆದಳು. ಹಳದಿ ಸ್ವೆಟರ್‌ನ ತುದಿ ಹುಡುಕಿ ಎಳೆದು, ಕುರ್ಚಿಯ ಬೆನ್ನಿಗೆ ಸುತ್ತುತ್ತಾ ಬಿಚ್ಚಿದಳು. ಬಿಚ್ಚಿದ ದಾರ ಮ್ಯಾಗಿ ಥರ ಸುರುಳಿ ಆಗಿರುತ್ತೆ. ಅದನ್ನ ಲಡಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕೆಳಗೆ ತಂಬಿಗೆ ಭಾರ ಕಟ್ಟಿ ನೇತುಹಾಕಿದಳು. ಮರುದಿನಕ್ಕೆ ನೆಟ್ಟಗಾಗಿತ್ತು. ಹತ್ತನೇ ನಂಬರ್ ಕಡ್ಡಿ ಅವಳ ಹತ್ತಿರವೇ ಇತ್ತು. ಎರಡು ಮಧ್ಯಾಹ್ನದಲ್ಲಿ ತೋಳು ಮುಗೀತು. ಅವಳ ಕೈ ನನಗಿಂತ ಬಿಗಿ, ಹಾಗಾಗಿ ಹಳದಿ ತೋಳು ಬೂದು ತೋಳಿಗಿಂತ ಒಂದು ಬೆರಳು ಸಣ್ಣ.

ನಾಮಕರಣಕ್ಕೆ ಬಂದ ಅತ್ತೆ, ‘ಒಂದು ತೋಳು ಯಾಕೆ ಬೇರೆ ಬಣ್ಣ?’ ಅಂತ ಕೇಳಿದರು. ‘ಈಗ ಫ್ಯಾಷನ್ ಅಂತೆ ಬೀಗರೇ’ ಅಂದಳು ಅಮ್ಮ, ನನ್ನ ಕಡೆ ನೋಡದೆ.

ಆಮೇಲೆ ಜಗಳ ಇರಲಿಲ್ಲ ಅಂತಲ್ಲ. ಕುಲಾವಿ, ಸ್ವೆಟರ್, ಮೇಲೆ ಎರಡು ಹೊದಿಕೆ, ಇಷ್ಟೂ ಹಾಕಿ ಮಲಗಿಸಬೇಕು ಅಂತ ಅಮ್ಮ. ಮಕ್ಕಳ ಡಾಕ್ಟರು ಹೇಳಿದ್ದು ಬೇರೆ: ಮಲಗಿಸುವಾಗ ಟೋಪಿ, ದಪ್ಪ ಸ್ವೆಟರ್ ತೆಗೀರಿ, ಮಗುವಿಗೆ ಮೈ ಕಾವೇರೋದೂ ಅಪಾಯ. ಕೈಕಾಲು ತಣ್ಣಗಿದ್ದರೆ ಹೆದರಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ. ಅಮ್ಮ ಡಾಕ್ಟರ ಮುಂದೆ ತಲೆ ಆಡಿಸಿದಳು. ಮನೆಗೆ ಬಂದು ಕುಲಾವಿ ಹಾಕಿದಳು. ನಾನು ತೆಗೆದೆ. ಹದಿನೈದು ದಿನ ಹೀಗೇ ನಡೀತು.

ಮಗಳಿಗೆ ಈಗ ಒಂದೂವರೆ ವರ್ಷ. ಸ್ವೆಟರ್ ಆಗಿದ್ದು ಮೂರು ತಿಂಗಳಷ್ಟೇ. ನೆನಪಿಗೆ ಎತ್ತಿಡೋಣ ಅಂತ ನಾನಿದ್ದೆ. ಮೊನ್ನೆ ಅಮ್ಮ ಫೋನ್ ಮಾಡಿ, ‘ಅದನ್ನ ಇಟ್ಕೊಂಡು ಏನ್ ಪೂಜೆ ಮಾಡ್ತೀಯಾ, ಕೊಡು, ಬಿಚ್ಚಿ ದೊಡ್ಡದು ಹಾಕ್ತೀನಿ. ಮಳೆಗಾಲ ಶುರುವಾಯ್ತು’ ಅಂದಳು. ಬೂದು ಉಲ್ಲನ್ ಸಾಲಲ್ಲ, ಇನ್ನೆರಡು ಉಂಡೆ ತರಬೇಕಂತೆ. ಹಳದಿ ಅವಳ ಹತ್ತಿರ ಇನ್ನೂ ಇದೆಯಂತೆ.